ಪ್ರೂಫಮ್ಮನ ತಡೆಪಟ್ಟಿ

ಹಾಲು ಉಕ್ಕುವುದಕ್ಕೂ ಹದಿನೇಳನೆಯ ತಪ್ಪು ಸಿಗುವುದಕ್ಕೂ ಸರಿಹೋಯಿತು. ಅವಳು ಎದ್ದು ಒಲೆ ಆರಿಸಿ, ಕಟ್ಟೆ ಒರೆಸಿ, ಒದ್ದೆ ಕೈಯನ್ನು ಸೆರಗಿಗೆ ಒತ್ತಿಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಳು. ಊಟದ ಮೇಜಿನ ಈ ತುದಿಯಲ್ಲಿ ಕಂಪ್ಯೂಟರು, ಆ ತುದಿಯಲ್ಲಿ ಅರ್ಧ ಹೆಚ್ಚಿದ ಬೀನ್ಸು, ನಡುವೆ ಅತ್ತೆಯ ಮಾತ್ರೆ ಡಬ್ಬಿ. ಹದಿನೆಂಟನೆಯ ತಪ್ಪು ಮೂರನೆಯ ಪ್ಯಾರಾದಲ್ಲಿ ಎಲ್ಲೋ ಅವಿತಿತ್ತು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಕಣ್ಣು ಕಿರಿದು ಮಾಡಿ ಒಂದೊಂದೇ ಸಾಲು ಇಳಿಯುತ್ತಿದ್ದಾಗ, ಪರದೆಯ ಬಲಗಡೆಯಿಂದ ಒಬ್ಬ ಮೀಸೆಯ ಗಂಡಸು ಉರುಳಿಕೊಂಡು ಬಂದು, ಮೂರನೆಯ ಪ್ಯಾರಾದ ಮೇಲೆಯೇ ಮಲಗಿ ಗೊರಕೆ ಹೊಡೆಯತೊಡಗಿದ.

"ಗೊರಕೆಯೇ? ಮೂಗಿಗೆ ನಮ್ಮ ಕ್ಲಿಪ್ಪು, ಮನೆಗೆ ನೆಮ್ಮದಿ," ಎಂದಿತು ಕಂಪ್ಯೂಟರು.

ಮೂರು ತಿಂಗಳ ಹಿಂದೆ ಒಂದೇ ಒಂದು ಸಲ, ಗಂಡನ ಗೊರಕೆಗೆ ಏನಾದರೂ ಉಪಾಯವಿದೆಯೇ ಎಂದು ಅವಳು ಹುಡುಕಿದ್ದಳು. ಅಂದಿನಿಂದ ಈ ಮೀಸೆಯವನು ಕರೆಯದೆ ಬಂದ ನೆಂಟನ ಹಾಗೆ ಅವಳ ಹಿಂದೆ ಬಿದ್ದಿದ್ದ. ನಿಘಂಟು ತೆರೆದರೆ ಅಲ್ಲಿ ಅವನು, ಹವಾಮಾನ ನೋಡಿದರೆ ಅಲ್ಲೂ ಅವನು. ಮೂಲಪ್ರತಿ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಅಚ್ಚಾದ ಪ್ರತಿ ಪರದೆಯ ಮೇಲೆ.

ಅವಳು ಕರಡು ತಿದ್ದುವವಳು. ಹದಿನಾಲ್ಕು ವರ್ಷದಿಂದ ಇದೇ ಊಟದ ಮೇಜಿನ ಮೇಲೆ ಇತರರ ತಪ್ಪುಗಳನ್ನು ಹೆಕ್ಕಿದ್ದಾಳೆ. ಔಷಧದ ಚೀಟಿಯೊಂದರಲ್ಲಿ 'ಊಟದ ನಂತರ' ಎಂಬುದು 'ಓಟದ ನಂತರ' ಎಂದು ಅಚ್ಚಾಗುವುದನ್ನು ತಪ್ಪಿಸಿ, ಎಷ್ಟೋ ರೋಗಿಗಳ ಮೊಣಕಾಲು ಉಳಿಸಿದವಳು. ಕಟ್ಟಡದವರೆಲ್ಲ ಅವಳನ್ನು ಪ್ರೂಫಮ್ಮ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ವಿದ್ಯುತ್ ಬಿಲ್ಲಿನ ಮೇಲೂ ಇರಲಿಲ್ಲ.

ಇವತ್ತು ಮಧ್ಯಾಹ್ನ ಎರಡರಿಂದ ಐದರವರೆಗೆ ಅವಳಿಗೆ ಪರೀಕ್ಷೆ. ಪೇಟೆಯ ದೊಡ್ಡ ಮುದ್ರಣಾಲಯಕ್ಕೆ ಹಿರಿಯ ಕರಡು ತಿದ್ದುವವರು ಒಬ್ಬರು ಬೇಕಾಗಿದ್ದರು. ನಲವತ್ತು ಪ್ರಶ್ನೆ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯಬೇಕು, ಶುರುಮಾಡಿದ ಕಂಪ್ಯೂಟರಿನಲ್ಲೇ ಮುಗಿಸಬೇಕು, ಐದು ಹೊಡೆದ ಮೇಲೆ ಬಾಗಿಲು ಮುಚ್ಚಿದಂತೆ. ಅರ್ಜಿ ಕೊಡಲು ಹೋದಾಗ ಆ ಕೆಲಸಕ್ಕೆಂದು ಇಟ್ಟಿದ್ದ ಕೋಣೆಯನ್ನು ಅವಳು ನೋಡಿ ಬಂದಿದ್ದಳು. ಪುಟ್ಟ ಕೋಣೆ. ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ, ಒಂದು ಬಾಗಿಲು. ಸಂಬಳ ಎಷ್ಟೆಂದು ಕೇಳುವುದು ಅವಳಿಗೆ ಮರೆತೇಹೋಗಿತ್ತು. ಯಾರೂ ಇಲ್ಲದಾಗ ಬಾಗಿಲಿನ ಒಳಚಿಲಕವನ್ನು ಮಾತ್ರ ಒಮ್ಮೆ ಹಾಕಿ, ಒಂದು ನಿಮಿಷ ಸುಮ್ಮನೆ ನಿಂತು, ತೆಗೆದು ಬಂದಿದ್ದಳು.

ಆ ನಿಮಿಷದ ರುಚಿ ಇನ್ನೂ ಹೋಗಿರಲಿಲ್ಲ. ಆ ರುಚಿಯ ಮೇಲೆ ಈಗ ಮೀಸೆಯವನು ಮಲಗಿದ್ದ. ಪರೀಕ್ಷೆಯ ನಡುವೆ ಇವನು ಹೀಗೆ ಉರುಳಿದರೆ ತನ್ನ ಗತಿಯೇನು?

ಅವಳು ಎದುರುಮನೆಯ ಬಾಗಿಲು ತಟ್ಟಿದಳು.

ಎದುರುಮನೆಯಲ್ಲಿದ್ದವರು ಸಿಗ್ನಲ್ ಮಾಮ. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ಹೊತ್ತು ಹೋಗದೆ, ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಕಲಿತಿದ್ದರು. ಕಲಿತ ಮೇಲೆ ಇಡೀ ಕಟ್ಟಡದ ಹೊತ್ತು ಹೋಗದ ಹಾಗೆ ಅದರ ಬಗ್ಗೆ ಮಾತಾಡುತ್ತಿದ್ದರು. ಅವಳ ಹಳೆಯ ಕಂಪ್ಯೂಟರು ಆನ್ ಆಗುವಷ್ಟರಲ್ಲಿ ಅನ್ನ ಬೇಯುತ್ತಿದ್ದ ಕಾಲದಲ್ಲಿ, ಅದರಲ್ಲಿ ಲಿನಕ್ಸ್ ಹಾಕಿ ಕುದುರೆಯ ಹಾಗೆ ಓಡಿಸಿದವರು ಅವರೇ. ಅಷ್ಟಕ್ಕೇ ಬಿಡದೆ, ಆ ಮಹಡಿಯ ಮೂರೂ ಮನೆಗಳ ನೆಟ್ಟು ಅದೇ ಕಂಪ್ಯೂಟರನ್ನು ದಾರಿ ಕೇಳಿ ಮುಂದೆ ಹೋಗುವ ಹಾಗೆ ಮಾಡಿದ್ದರು. "ಒಂದು ಲೈನಿಗೆ ಒಂದೇ ಸಿಗ್ನಲ್ ಕ್ಯಾಬಿನ್ ಇರ್ಬೇಕು ಕಣಮ್ಮ" ಎಂಬುದು ಅವರ ಸಿದ್ಧಾಂತ.

"ಜಾಹೀರಾತು ತಡೀಬೇಕಾ?" ಮಾಮನ ಮುಖ, ಕೆಲಸಕ್ಕೆ ಮರಳಿ ಕರೆ ಬಂದವರ ಹಾಗೆ ಬೆಳಗಿತು. ಕಿವಿಯ ಯಂತ್ರ ಸರಿಮಾಡಿಕೊಂಡು ಬಂದೇಬಿಟ್ಟರು.

"ನೋಡಮ್ಮ, ಇಲ್ಲಿ ಹೋಸ್ಟ್ಸ್ ಅಂತ ಒಂದು ಸಣ್ಣ ಫೈಲಿದೆ. ನಿನ್ನ ಕಂಪ್ಯೂಟರು ಯಾವ ತಾಣಕ್ಕೆ ಹೋಗೋಕೆ ಮುಂಚೆನೂ ಮೊದಲು ಇಲ್ಲಿ ವಿಳಾಸ ನೋಡತ್ತೆ. ನಾವು ಏನ್ಮಾಡೋದು? ಆ ಗೊರಕೆಯವನ ತಾಣದ ಹೆಸರು ಬರೆದು, ಅದರ ಎಡಕ್ಕೆ ಸೊನ್ನೆ ಚುಕ್ಕೆ ಸೊನ್ನೆ ಚುಕ್ಕೆ ಸೊನ್ನೆ ಚುಕ್ಕೆ ಸೊನ್ನೆ ಅಂತ ಹಾಕೋದು. ಮುಗೀತು. ಕಂಪ್ಯೂಟರು ಅವನ ಮನೆ ಹುಡುಕ್ಕೊಂಡು ಎಲ್ಲಿಗೂ ಹೋಗಲ್ಲ."

"ಅಂದ್ರೆ ಬೀದಿ ಕೊನೆ ಅಂಗಡಿಯವನಿಗೆ, ಯಾರಾದ್ರೂ ನಮ್ಮನೆ ಕೇಳಿದ್ರೆ 'ಅಂಥವರು ಯಾರೂ ಇಲ್ಲ' ಅನ್ನು ಅಂತ ಹೇಳಿಟ್ಟ ಹಾಗೆ."

"ಅಷ್ಟೇ. ಕೆಂಪು ಸಿಗ್ನಲ್." ಮಾಮ ತಮ್ಮ ಮನೆಯಿಂದ ಪೆನ್‌ಡ್ರೈವ್ ತಂದರು. ಅದರಲ್ಲಿ ಅವರು ವರ್ಷಗಟ್ಟಲೆ ಸಾಕಿಕೊಂಡು ಬಂದ ಪಟ್ಟಿಯಿತ್ತು. ಜಾಹೀರಾತು ತೋರಿಸುವವು, ಹಿಂದೆ ಬಿದ್ದು ಕಣ್ಣಿಡುವವು, ವೈರಸ್ ಹಂಚುವವು, ಎಲ್ಲ ಸೇರಿ ಒಂದು ಲಕ್ಷದ ಹದಿನೆಂಟು ಸಾವಿರ ತಾಣಗಳು.

"ಇವೆಲ್ಲ ಕೆಟ್ಟವೇನಾ ಮಾಮ?"

"ಅನುಮಾನ ಬಂದ್ರೆ ಕೆಂಪು. ಮೂವತ್ತೆಂಟು ವರ್ಷದಲ್ಲಿ ನನ್ನ ಕ್ಯಾಬಿನ್ನಲ್ಲಿ ಒಂದು ಅಪಘಾತ ಇಲ್ಲ."

"ರೈಲು ಹೋಗ್ತಿತ್ತಾ?"

"ಕೆಲವು ಹೋಗ್ತಿದ್ವು."

ಪಟ್ಟಿ ಸೇರಿಸಿದ್ದೇ ತಡ, ಮೀಸೆಯವನು ಮಾಯವಾದ. ಅವನು ಮಲಗಿದ್ದಲ್ಲಿ ಬಿಳಿ ಜಾಗ ಉಳಿಯಿತು. ಹದಿನೆಂಟನೆಯ ತಪ್ಪು ಅದರ ಪಕ್ಕದಲ್ಲೇ ಸಿಕ್ಕಿತು. "ಹೊಸದೇನಾದ್ರೂ ಸಿಕ್ಕಿದ್ರೆ ಕೊನೇಲಿ ನೀನೇ ಸೇರಿಸ್ಕೋ. ಊಟದ ಮೇಲೆ ಬಂದು ಇನ್ಸ್‌ಪೆಕ್ಷನ್ ಮಾಡ್ತೀನಿ" ಎಂದು ಮಾಮ ಹೊರಟರು. ಅವಳು ಬಿಳಿ ಜಾಗವನ್ನು ನೋಡುತ್ತ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದಳು. ಬದುಕಿನಲ್ಲಿ ಮೊದಲ ಬಾರಿಗೆ ಅವಳು ಯಾರನ್ನೋ ಬೇಡ ಎಂದಿದ್ದಳು, ಅವನು ಹೋಗಿಬಿಟ್ಟಿದ್ದ.

ಮಾಮನ ಬಾಯಿಗೆ ಬಿದ್ದದ್ದು ಮಹಡಿಗೆ ಬಿದ್ದಂತೆ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಟೇಲರಮ್ಮ ಬಂದು, ಕೇಳದೆಯೇ ಕುರ್ಚಿ ಎಳೆದುಕೊಂಡು, ಬೀನ್ಸು ಹೆಚ್ಚಲು ಕುಳಿತಳು.

"ಅಕ್ಕ, ಏನೇನೋ ಬಂದ್ ಮಾಡ್ತಿದ್ದೀರಂತೆ."

"ಜಾಹೀರಾತು."

"ಅಂಗಡಿನೂ ಆಗತ್ತಾ?" ಟೇಲರಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ರೆಡಿಮೇಡ್ ಶರ್ಟಿನ ಅಂಗಡಿ. ನಮ್ಮೋರು ಊರಿಗೆಲ್ಲ ಶರ್ಟ್ ಹೊಲೀತಾರೆ, ತಮಗೆ ಮಾತ್ರ ಅಲ್ಲಿಂದ ತರಿಸ್ಕೋತಾರೆ. ಮೂರು ಬಂದಿವೆ. ಅವರ ಲೇಬಲ್ ಬಿಚ್ಚಿ ನಮ್ಮಂಗಡಿ ಲೇಬಲ್ ಹಾಕ್ಕೊಂಡು ಓಡಾಡ್ತಾರೆ. ನಾನು ಹೇಳ್ದೆ ಅಂತ ಗೊತ್ತಾಗ್ಬಾರ್ದು."

ಆಗುವುದಿಲ್ಲ ಎಂದರೆ ಅರ್ಧ ಗಂಟೆಯ ಮಾತು. ಆಯಿತು ಎಂದರೆ ಅರ್ಧ ನಿಮಿಷದ ಕೆಲಸ. ಅವಳು ಪಟ್ಟಿಯ ಕೊನೆಗೆ ಹೋಗಿ ಆ ಅಂಗಡಿಗೆ ನಾಲ್ಕು ಸೊನ್ನೆ ಬರೆದಳು. ಟೇಲರಮ್ಮ ಸಂತೃಪ್ತಳಾಗಿ, ಹೆಚ್ಚಿದ ಬೀನ್ಸನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಇದು ಒಳ್ಳೆಯ ಉಪಾಯ ಎನ್ನಿಸಿತು ಅವಳಿಗೆ. ಕೇಳಿದ್ದನ್ನು ಬರೆದುಬಿಟ್ಟರೆ ಜನ ಮೇಜು ಬಿಟ್ಟು ಏಳುತ್ತಾರೆ.

ಟೇಲರಮ್ಮನ ಚಪ್ಪಲಿಯ ಸದ್ದು ಅಡಗುವ ಮೊದಲೇ ಟೇಲರಣ್ಣ ಬಂದ, ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡು.

"ಅಕ್ಕಾವ್ರೇ, ಒಂದು ಗುಟ್ಟಿನ ವಿಷಯ. 'ಐದು ನಿಮಿಷದಲ್ಲಿ ಫ್ರಾಕು' ಅಂತ ಒಂದು ತಾಣ ಇದೆ. ನನ್ನ ಹೆಂಡ್ತಿ ದಿನಾ ಅದನ್ನ ನೋಡಿ ನಂಗೆ ಪಾಠ ಮಾಡ್ತಾಳೆ. ಇಪ್ಪತ್ತಾರು ವರ್ಷದಿಂದ ಮಿಷನ್ ತುಳೀತಿದೀನಿ. ತೋಳು ಕೂಡ್ಸೋಕೆ ಬರಲ್ಲ ಅಂತಾಳೆ ನಂಗೆ. ಅದೊಂದನ್ನ ತೆಗೆದ್ಬಿಡಿ. ನನ್ನ ಹೆಸರು ಹೇಳ್ಬೇಡಿ."

ಅವನು ಹೊಸ ಶರ್ಟು ಹಾಕಿದ್ದ. ಹೊಲಿಗೆ ನಿಜವಾಗಿಯೂ ಚೆನ್ನಾಗಿತ್ತು. ಅವಳು ನೋಡದವಳ ಹಾಗೆ ಬರೆದುಕೊಂಡಳು.

ಹನ್ನೊಂದಕ್ಕೆ ಗಂಡ ಎದ್ದ. ಅವನು ಬಸ್ಸಿನ ಡ್ರೈವರು. ಇವತ್ತು ರಾತ್ರಿ ಏಳರ ಪಾಳಿ. ಕಾಫಿ ಲೋಟ ಹಿಡಿದು ಅವಳ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಏನೇ, ಆ ಆರೋಗ್ಯದ ತಾಣ ಇದ್ಯಲ್ಲ, ಅಮ್ಮ ನೋಡೋದು. ಅದನ್ನ ನಿಲ್ಲಿಸೋಕೆ ಆಗತ್ತಾ? ಮೊನ್ನೆ ಬೆಳಗ್ಗೆ ಮೂತ್ರಪಿಂಡ ಹೋಗಿದೆ ಅಂದ್ಲು. ಮಧ್ಯಾಹ್ನ ಲಿವರ್ರು. ನಿನ್ನೆ ಏನೋ ಒಂದು ಗ್ರಂಥಿ, ಅದು ಗಂಡಸರಿಗೆ ಮಾತ್ರ ಇರೋದಂತೆ. ನಾನು ಹೇಳ್ದೆ ಅನ್ಬೇಡ ಮತ್ತೆ."

ಗಂಡ ಸ್ನಾನಕ್ಕೆ ಹೋದೊಡನೆ ಅತ್ತೆ ಮಾತ್ರೆ ಡಬ್ಬಿಗೆಂದು ಬಂದವರು ಕುರ್ಚಿಯ ತುದಿಯಲ್ಲಿ ಕುಳಿತರು.

"ನೋಡು, ಇವನು ಪಾಳಿ ಪೂರ್ತಿ ರಸ್ತೇಲಿ ಬಸ್ ಓಡಿಸ್ತಾನೆ. ಮನೆಗೆ ಬಂದು ಫೋನಲ್ಲಿ ಮತ್ತೆ ಬಸ್ ಓಡಿಸೋ ಆಟ ಆಡ್ತಾನೆ. ಹೊರಗೂ ಹಾರ್ನ್, ಒಳಗೂ ಹಾರ್ನ್. ಮಗಾಂತ ಮಾತಾಡ್ಸೋಕೆ ಹೋದ್ರೆ 'ತಡಿ, ಸ್ಟಾಪ್ ಬರ್ಲಿ' ಅಂತಾನೆ. ಅದನ್ನೂ ಹಾಕ್ಬಿಡು ನಿನ್ನ ಪಟ್ಟೀಲಿ. ಅವನಿಗೆ ಹೇಳ್ಬೇಡ, ಪಾಪ, ನೊಂದ್ಕೋತಾನೆ."

ನಾಲ್ಕೂ ಸಾಲುಗಳನ್ನು ಅವಳು ಶಿಸ್ತಾಗಿ ಬರೆದಳು. ಹದಿನಾಲ್ಕು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ. ತಿದ್ದುಪಡಿ ಎಂದ ಮೇಲೆ, ಅದನ್ನು ಯಾರು ಹೇಳಿದರು ಎಂಬುದನ್ನು ಅಂಚಿನಲ್ಲಿ ಗುರುತಿಸಬೇಕು. ನಾಳೆ ಯಾರಾದರೂ ಕೇಳಿದರೆ ಉತ್ತರವಿರಬೇಕು. ಸಾಲಿನ ಕೊನೆಯಲ್ಲಿ # ಎಂಬ ಜಾಲರಿ ಗುರುತು ಹಾಕಿ ಏನು ಬರೆದರೂ ಕಂಪ್ಯೂಟರು ಅದನ್ನು ಓದುವುದಿಲ್ಲ ಎಂದು ಮಾಮ ಹೇಳಿಕೊಟ್ಟಿದ್ದರು. ಕಂಪ್ಯೂಟರು ಓದುವುದಿಲ್ಲವೆಂದರೆ ಸಾಕಲ್ಲ ಎಂದುಕೊಂಡು ಅವಳು ಅಂದವಾಗಿ ಬರೆದಳು: 'ಟೇಲರಮ್ಮ ಹೇಳಿದ್ದು, ಶರ್ಟಿನ ವಿಚಾರ.' 'ಟೇಲರಣ್ಣ ಹೇಳಿದ್ದು, ತೋಳಿನ ವಿಚಾರ.' 'ನಮ್ಮವರು ಹೇಳಿದ್ದು, ಅತ್ತೆಯ ಗ್ರಂಥಿಗಳು.' 'ಅತ್ತೆ ಹೇಳಿದ್ದು, ಇವರ ಬಸ್ಸು.'

ಒಂದೂವರೆಗೆ ಸಿಗ್ನಲ್ ಮಾಮ ಬಂದು, ಕನ್ನಡಕವಿಲ್ಲದೆ ಪಟ್ಟಿಯ ಉದ್ದವನ್ನಷ್ಟೇ ನೋಡಿ ಮೆಚ್ಚಿ, ಏನೋ ಒಂದು ಆಜ್ಞೆ ಕುಟ್ಟಿದರು.

"ಫೈಲಿಗೆ ಬೀಗ ಹಾಕಿದೀನಿ. ಇನ್ನು ಯಾವ ವೈರಸ್ಸೂ ಇದರಲ್ಲಿ ಒಂದಕ್ಷರ ಅಳಿಸೋ ಹಾಗಿಲ್ಲ."

"ನಾನು?"

"ನೀನೂ ಇಲ್ಲ. ಬೀಗ ಅಂದ್ರೆ ಬೀಗ." ತೆಗೆಯುವ ಆಜ್ಞೆ ಯಾವುದೆಂದು ಅವಳು ಕೇಳುವಷ್ಟರಲ್ಲಿ ಮಾಮ ಮಧ್ಯಾಹ್ನದ ನಿದ್ದೆಗೆ ಹೊರಟುಹೋಗಿದ್ದರು.

ಎರಡು ಗಂಟೆಗೆ ಪರೀಕ್ಷೆ ಶುರುವಾಯಿತು. ಪರದೆ ಶುಭ್ರ, ಮನೆ ಶಾಂತ. ಮೊದಲ ಆರು ಪ್ರಶ್ನೆಗಳನ್ನು ಅವಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿದಳು. ಏಳನೆಯದರಲ್ಲಿ ಕಾಲುಭಾಗ ಹೋಗಿದ್ದಾಗ ಗಂಡ ಬಂದ.

"ಏನೇ, ನೆಟ್ ಕೆಟ್ಟಿದ್ಯಾ? ನನ್ನ ಬಸ್ಸು ಡಿಪೋದಿಂದ ಹೊರಡ್ತಾನೇ ಇಲ್ಲ."

"ಕೆಟ್ಟಿರಬೇಕು. ಪರೀಕ್ಷೆ ಬರೀತಿದೀನಿ ಕಣ್ರೀ."

"ಬರಿ ಬರಿ. ನಾನೇನು ಅಡ್ಡ ಬಂದೆ?" ಅವನು ಎದುರಿನ ಕುರ್ಚಿಯಲ್ಲಿ ಕುಳಿತ. ಮಾಡಲು ಕೆಲಸವಿಲ್ಲದ ಡ್ರೈವರಿನ ಕೈಗಳು ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸತೊಡಗಿದವು. ತಿರುವಿನಲ್ಲಿ ಬಾಯಿಂದ ಸಣ್ಣಗೆ ಗೇರಿನ ಸದ್ದೂ ಬಂತು.

ಅತ್ತೆಯ ಫೋನೂ ಬಿಳಿಯಾಗಿತ್ತು. ಹೊಸ ಕಾಯಿಲೆ ಸಿಗದ ಕಾರಣ ಅವರು ಹಳೆಯವನ್ನೇ ಮೊದಲಿನಿಂದ ಹೇಳಲು ಬಂದು ಕುಳಿತರು. ಟೇಲರಮ್ಮ ಬಂದಳು: "ಅಕ್ಕ, ನಿಮ್ಮನೇಲಿ ನೆಟ್ ಬರ್ತಿದ್ಯಾ? ನಮ್ಮನೇಲಿ ಫ್ರಾಕಿನವಳು ಬರ್ತಿಲ್ಲ." ಅವಳ ಹಿಂದೆಯೇ ಟೇಲರಣ್ಣ, ಶರ್ಟಿನ ಅಂಗಡಿ ತೆರೆಯದೆ ಪೆಚ್ಚಾದವನು, "ಅಂಗಡೀಲಿ ಗಿರಾಕಿ ಇಲ್ಲ, ಸುಮ್ನೆ ಬಂದೆ" ಎನ್ನುತ್ತ ನಿಂತಲ್ಲೇ ಮೇಜಿನ ಉದ್ದಗಲ ಅಳೆಯತೊಡಗಿದ.

ಆಗ ಅವಳಿಗೆ ತಾನು ಮಾಡಿಕೊಂಡ ಎಡವಟ್ಟು ಹೊಳೆಯಿತು. ಇಷ್ಟು ದಿನ ಈ ನಾಲ್ವರನ್ನೂ ಅವರವರ ಮೂಲೆಯಲ್ಲಿ ಕಟ್ಟಿಹಾಕಿದ್ದು ಆ ನಾಲ್ಕು ತಾಣಗಳೇ. ಅವನ್ನು ಬಿಗಿದು ಇವರನ್ನು ಬಿಚ್ಚಿಬಿಟ್ಟಿದ್ದಳು. ಕೊಟ್ಟಿಗೆಯ ಬಾಗಿಲು ತೆಗೆದು, ಹುಲ್ಲಿಗೆ ಬೀಗ ಹಾಕಿದ ಹಾಗಾಗಿತ್ತು.

"ಹಾಗಲ್ಲ ಕಣೆ, ನನ್ನ ಬಲಮಂಡಿ ಮೊದಲು ಹೋದದ್ದು ನಿನ್ನ ಮಾವನ ಕಾಲದಲ್ಲಿ..."

"ಎಂಬತ್ತೆರಡು ಇಂಚು. ಮೇಜಿಗೊಂದು ಬಟ್ಟೆ ಹೊಲಿದ್ರೆ ಎಷ್ಟು ಚೆಂದ."

"ನಿಮ್ಮ ಕೈಲಿ ಬೇಡಿ. ಮೂಲೆ ಕೂಡ್ಸೋಕೆ ಬರ್ಬೇಕಲ್ಲ."

"ಟುರ್ರ್... ಮುಂದೆ ಹೋಗಿ, ಮುಂದೆ ಹೋಗಿ."

ಈ ಸಂತೆಯ ನಡುವೆ ಅವಳು ತಪ್ಪು ಹುಡುಕಿದಳು. ಹದಿನಾಲ್ಕು ವರ್ಷದಿಂದ ಮಾಡಿದ್ದೂ ಅದನ್ನೇ ತಾನೇ. ಒಂದು ಕಿವಿ ಮಂಡಿಗೆ ಕೊಟ್ಟು, ಇನ್ನೊಂದನ್ನು ಮೇಜುಬಟ್ಟೆಗೆ ಕೊಟ್ಟು, ಬಾಯಲ್ಲಿ ಹೂಂ ಹೂಂ ಎನ್ನುತ್ತ, ಕಣ್ಣನ್ನು ಮಾತ್ರ ತನಗಾಗಿ ಉಳಿಸಿಕೊಂಡಳು. ನಾಲ್ಕೂಕಾಲಿಗೆ ಮೂವತ್ತೊಂಬತ್ತು ಪ್ರಶ್ನೆ ಮುಗಿದವು.

ನಲವತ್ತನೆಯದು: 'ಈಗ ನೀವು ಕೆಲಸ ಮಾಡುವ ಸ್ಥಳದ ಬಗ್ಗೆ ಒಂದು ಪುಟ ಬರೆಯಿರಿ.'

ಅವಳು ತಟ್ಟೆ ತಿರುಗಿಸುತ್ತಿದ್ದ ಗಂಡನನ್ನು ನೋಡಿದಳು. ಕೋಣೆ ಬೇಕು ಎಂದು ನೇರವಾಗಿ ಬರೆಯುವುದು ಅವಳ ಜಾಯಮಾನವಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ತಟ್ಟೆ, ಮಂಡಿ, ಬೀನ್ಸು, ಟೇಪು, ತಿರುವಿನಲ್ಲಿ ಬರುವ ಗೇರಿನ ಸದ್ದು. ಇವುಗಳ ನಡುವೆ ಇಷ್ಟು ವರ್ಷದಲ್ಲಿ ಒಂದೂ ಅಲ್ಪವಿರಾಮ ಕೈತಪ್ಪಿಲ್ಲ ಎಂದು, ಸ್ವಲ್ಪ ಹೆಮ್ಮೆಯಿಂದಲೇ ಮುಗಿಸಿದಳು. ಓದಿದವರಿಗೆ ಕರುಳು ಚುರ್ ಎನ್ನಬೇಕು, ಅಷ್ಟು ಚೆನ್ನಾಗಿ ಬಂದಿತ್ತು. ನಾಲ್ಕು ಮೂವತ್ತೈದಕ್ಕೆ 'ಕಳುಹಿಸಿ' ಎಂಬ ಗುಂಡಿ ಒತ್ತಿದಳು.

ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಥ ತಾಣ ಸಿಗುತ್ತಿಲ್ಲ ಎಂದು ಒಂದು ಉದ್ದದ ಹೆಸರು ಬಂತು. ಸಣ್ಣ ಅಕ್ಷರ ಓದುವುದೇ ಅವಳ ಕಸುಬು. ಉತ್ತರ ಒಯ್ದು ಮುಟ್ಟಿಸುವ ಕೆಲಸವನ್ನು ಮುದ್ರಣಾಲಯದವರು ಯಾವುದೋ ಹೊರಗಿನ ತಾಣಕ್ಕೆ ಒಪ್ಪಿಸಿದ್ದರು. ಮಾಮನ ಪಟ್ಟಿ ತೆರೆದು ಹುಡುಕಿದರೆ, ತೊಂಬತ್ತೊಂದು ಸಾವಿರದ ನಾನೂರಾರನೆಯ ಸಾಲಿನಲ್ಲಿ ಆ ಹೆಸರು ನಾಲ್ಕು ಸೊನ್ನೆಗಳ ಪಕ್ಕ ತಣ್ಣಗೆ ಕುಳಿತಿತ್ತು.

ಒಂದು ಸಾಲು. ಎಷ್ಟು ಸಾವಿರ ಸಾಲು ಹೊಡೆದುಹಾಕಿದ ಕೈ ಅವಳದು. ಅಳಿಸಲು ಹೋದಳು. ಅನುಮತಿಯಿಲ್ಲ ಎಂದಿತು ಕಂಪ್ಯೂಟರು. ಮಾಮ ಹಿಂದೆ ಕೊಟ್ಟಿದ್ದ ದೊಡ್ಡ ಪಾಸ್‌ವರ್ಡ್ ಹಾಕಿದಳು. ಆಗಲೂ ಅನುಮತಿಯಿಲ್ಲ.

"ಸಿಗ್ನಲ್ ಮಾಮನ್ನ ಎಬ್ಬಿಸ್ಬೇಕು," ಎಂದು ಅವಳು ಎದ್ದ ರೀತಿಗೆ ಗಂಡನ ಕೈಯಿಂದ ತಟ್ಟೆ ಬಿತ್ತು.

ಮಾಮ ಮಲಗುವಾಗ ಕಿವಿಯ ಯಂತ್ರ ತೆಗೆದಿಡುತ್ತಿದ್ದರು. ಕರೆಗಂಟೆ ಹೊಡೆದದ್ದಾಯಿತು, ಬಾಗಿಲು ಬಡಿದದ್ದಾಯಿತು. ಟೇಲರಣ್ಣ ಕಿಟಕಿಯ ಸರಳಿನ ಸಂದಿಯಿಂದ ಬಟ್ಟೆ ಅಳೆಯುವ ಮರದ ಕೋಲು ತೂರಿಸಿ ಮಾಮನ ಅಂಗಾಲು ಮುಟ್ಟಿಸಲು ನೋಡಿದ. "ಇನ್ನೂ ಆರು ಇಂಚು ಕಮ್ಮಿ ಇದೆ," ಎಂದ. ಅವನ ಕೈಯಿಂದ ಕೋಲು ಕಿತ್ತುಕೊಂಡು ಟೇಲರಮ್ಮ ಅದರ ತುದಿಗೆ ಅತ್ತೆಯ ಊರುಗೋಲು ಕಟ್ಟಿದಳು. "ಕೂಡ್ಸೋದು ಅಂದ್ರೆ ಹೀಗೆ."

ಅಂಗಾಲಿಗೆ ಊರುಗೋಲು ತಗುಲಿದ್ದೇ ಮಾಮ ಎದ್ದು ಕುಳಿತು, "ಯಾವ ಗಾಡಿ?" ಎಂದರು.

ನಾಲ್ಕು ನಲವತ್ತೆಂಟಕ್ಕೆ ಅವರು ಅವಳ ಕುರ್ಚಿಯಲ್ಲಿ ಕುಳಿತರು. ಮಿಕ್ಕವರು ಬೆನ್ನ ಹಿಂದೆ ಸಾಲಾಗಿ ನಿಂತರು.

"ಯಾವ ಕಾರಣಕ್ಕೆ ಬೀಗ ತೆಗೀಬೇಕು?"

"ಒಂದು ಸಾಲು ತೆಗೀಬೇಕು ಮಾಮ. ಹನ್ನೆರಡೇ ನಿಮಿಷ ಇದೆ," ಎಂದು ಅವಳು ಅವರ ಕಿವಿಗೆ ಬಾಯಿಟ್ಟು ಕೂಗಿದಳು.

"ಒಂದು ಗಾಡಿ ಬಿಟ್ರೆ ಅದರ ಹಿಂದೆ ಹತ್ತು ಬರತ್ತೆ."

"ಮಾಮ, ನನ್ನ ಕೆಲಸದ ವಿಷಯ." ಅವಳು ಇನ್ನೂ ಹತ್ತಿರ ಬಾಗಿದಳು. ಮಾಮ ಅವಳ ಮುಖ ನೋಡಿ, ಬೀಗ ತೆಗೆಯುವ ಆಜ್ಞೆ ಕುಟ್ಟಿ, ಪಟ್ಟಿ ತೆರೆದರು. ಅದು ಅವರ ಅಭ್ಯಾಸದಂತೆ ಕಟ್ಟಕಡೆಯ ಸಾಲಿನಲ್ಲಿ ತೆರೆದುಕೊಂಡಿತು. ಮುದುಕರ ಕಣ್ಣಿಗೆಂದು ಅಕ್ಷರವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು.

"ಟೇಲರಮ್ಮ ಹೇಳಿದ್ದು," ಎಂದು ಮಾಮ ಗಟ್ಟಿಯಾಗಿ ಓದಿದರು, "ಶರ್ಟಿನ ವಿಚಾರ."

ನಾಲ್ಕು ಕತ್ತುಗಳು ಪರದೆಯತ್ತ ಚಾಚಿದವು. ಆಮೇಲೆ ಮಿಕ್ಕ ಮೂರು ಸಾಲುಗಳನ್ನು ಎಲ್ಲರೂ ತಾವೇ ಓದಿಕೊಂಡರು.

"ಶರ್ಟಿನ ಏನು ವಿಚಾರ?" ಎಂದ ಟೇಲರಣ್ಣ, ಕೈಯಿಂದ ಕಾಲರ್ ಮುಚ್ಚಿಕೊಳ್ಳುತ್ತ.

"ತೋಳಿನ ಏನು ವಿಚಾರ, ಅದನ್ನ ಹೇಳಿ ಮೊದಲು," ಎಂದಳು ಟೇಲರಮ್ಮ.

"ಗ್ರಂಥಿಗಳು ಅಂತೆ. ಹೆತ್ತ ತಾಯಿ ಗ್ರಂಥಿ ಕಂಡು ನಗಾಡೋ ಮಗನ್ನ ನಾನು ಹೆತ್ತೆ."

"ನೀನು ನನ್ನ ಬಸ್ಸು ನಿಲ್ಸಿದ್ಯಲ್ಲಮ್ಮ, ಅದು? ತೊಂಬತ್ತೇಳನೇ ಹಂತದಲ್ಲಿದ್ದೆ ನಾನು."

ನಾಲ್ಕು ದನಿಗಳು ಒಂದರ ಮೇಲೊಂದು ಏರಿದವು. ಕಿವಿಯ ಯಂತ್ರ ಮನೆಯಲ್ಲೇ ಬಿಟ್ಟುಬಂದಿದ್ದ ಮಾಮ ಮಾತ್ರ ನೆಮ್ಮದಿಯಾಗಿ, "ಹೇಳಮ್ಮ, ಎಷ್ಟನೇ ಸಾಲು?" ಎಂದರು. ಅವಳು ಅವರ ಕೈಯ ಸಂದಿಯಿಂದಲೇ ಅಂಕಿ ಒತ್ತಿ, ತೊಂಬತ್ತೊಂದು ಸಾವಿರದ ನಾನೂರಾರಕ್ಕೆ ಹಾರಿ, ಆ ಸಾಲನ್ನು ಅಳಿಸಿ, ಫೈಲನ್ನು ಉಳಿಸಿದಳು. ನಾಲ್ಕು ಐವತ್ತೇಳು. 'ಕಳುಹಿಸಿ' ಒತ್ತಿದಳು. ಒಂದು ಚಕ್ರ ತಿರುಗಿತು. ಹಿಂದೆ ಯಾರೋ ಶರ್ಟು ಬಿಚ್ಚಿ ಲೇಬಲ್ ತೋರಿಸುತ್ತಿದ್ದರು. ಚಕ್ರ ಇನ್ನೂ ತಿರುಗಿತು. 'ನಿಮ್ಮ ಉತ್ತರಗಳು ತಲುಪಿವೆ' ಎಂದು ಬಂದಾಗ ಅವಳು ಆ ವಾಕ್ಯದಲ್ಲಿ ತಪ್ಪಿದೆಯೇ ಎಂದು ಎರಡು ಸಲ ಓದಿದಳು. ಇರಲಿಲ್ಲ.

ತಿರುಗಿ ನೋಡಿದರೆ ನಾಲ್ವರೂ ಒಂದಾಗಿದ್ದರು, ಅವಳ ಮೇಲೆ.

"ಹೇಳ್ಬೇಡಿ ಅಂದಿದ್ನಲ್ಲ ಅಕ್ಕ."

"ನಾನು ಹೇಳ್ಲಿಲ್ಲ, ಬರ್ಕೊಂಡೆ."

"ಬರ್ಕೊಳ್ಳೋದು ಯಾಕೆ?"

ಕರಡು ತಿದ್ದುವವರು ಅಂಚಿನಲ್ಲಿ ಹೆಸರು ಬರೆಯದಿದ್ದರೆ ಏನೇನು ಅನಾಹುತವಾಗುತ್ತದೆ ಎಂದು ವಿವರಿಸುವ ಹೊತ್ತು ಅದಾಗಿರಲಿಲ್ಲ. ಅವಳು ಕೊನೆಯ ನಾಲ್ಕು ಸಾಲುಗಳನ್ನೂ ಅವರ ಕಣ್ಣೆದುರೇ ಅಳಿಸಿದಳು. ಅರ್ಧ ನಿಮಿಷದಲ್ಲಿ ಒಂದು ಜೇಬಿನಿಂದ ಬಸ್ಸಿನ ಹಾರ್ನು ಕೇಳಿತು. ಇನ್ನೊಂದು ಫೋನು, ನಾಲಿಗೆಯ ಬಣ್ಣ ನೋಡಿಕೊಳ್ಳಿ ಎಂದಿತು. ಮೂರನೆಯದು ಫ್ರಾಕಿನ ಪಾಠ ಶುರುಮಾಡಿತು. ಜಗಳ ಅರ್ಧಕ್ಕೇ ನಿಂತು, ಎಲ್ಲರೂ ತಮ್ಮ ತಮ್ಮ ಮೂಲೆ ಸೇರಿದರು. ಮಾಮ, "ಇನ್ನು ಬೀಗ ಬೇಡ. ನಿನ್ನ ಕ್ಯಾಬಿನ್, ನೀನೇ ನೋಡ್ಕೋ" ಎಂದು ತಲೆ ಸವರಿ ಹೋದರು.

ಆರಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಂತು. ಮುದ್ರಣಾಲಯದ ಹೆಸರು ನೋಡಿ ಅವಳು ಬಚ್ಚಲಮನೆಗೆ ಓಡಿ, ಬಾಗಿಲು ಹಾಕಿಕೊಂಡು, ಬಕೆಟ್ಟಿನ ಅಂಚಿನ ಮೇಲೆ ಕುಳಿತಳು.

"ನಾನು ಮುಖ್ಯ ಸಂಪಾದಕಿ ಮಾತಾಡ್ತಿರೋದು. ಮೂವತ್ತೊಂಬತ್ತೂ ಸರಿ ಇದೆ ಅಂತ ನಮ್ಮ ಕಂಪ್ಯೂಟರು ಹೇಳ್ತು. ನಲವತ್ತನೇದನ್ನ ನಾನೇ ಓದಿದೆ. ಮೂರು ಸಲ ಓದಿದೆ. ನಗು ತಡೆಯೋಕಾಗ್ಲಿಲ್ಲ. ಕೆಲಸ ನಿಮ್ಮದೇ."

ಅವಳ ಬೆರಳು ಬಚ್ಚಲಮನೆಯ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿತು.

"ಆದ್ರೆ ಒಂದು ಚಿಕ್ಕ ಬದಲಾವಣೆ. ಎರಡನೇ ಸ್ಥಾನದಲ್ಲಿ ಬಂದವರನ್ನೂ ತಗೋತಿದ್ದೀವಿ. ಅವರದ್ದು ಹನ್ನೊಂದು ತಪ್ಪು. ಕೇಳಿದ್ದಕ್ಕೆ, ಸದ್ದಿದ್ರೆ ನಂಗೆ ಕೆಲಸ ಆಗಲ್ಲ, ಬಾಗಿಲಿರೋ ಕೋಣೆ ಬೇಕೇ ಬೇಕು ಅಂದ್ರು. ಇರೋದು ಒಂದೇ ಕೋಣೆ. ನಿಮ್ಮ ಪುಟ ಓದಿದ ಮೇಲೆ ನಂಗನ್ನಿಸ್ತು, ಅಷ್ಟು ಗಲಾಟೇಲಿ ಒಂದು ಅಲ್ಪವಿರಾಮ ಕೂಡ ತಪ್ಪದೋರಿಗೆ ಕೋಣೆ ಯಾಕೆ? ನೀವು ಮನೇಲೇ, ನಿಮ್ಮ ಊಟದ ಮೇಜಿನ ಮೇಲೇ ಮಾಡಿ. ಕರಡು ಹಾಳೆಗಳನ್ನ ಬೆಳಗ್ಗೆ ನಮ್ಮ ಕೌಂಟರಿನಿಂದ ತಗೊಂಡು ಹೋದ್ರಾಯ್ತು. ನಿಮಗೆ ಅನುಕೂಲವಾಗ್ಲಿ ಅಂತ."

"ಆಗಲಿ ಮೇಡಂ," ಎಂದಿತು ಅವಳ ಬಾಯಿ, ಹದಿನಾಲ್ಕು ವರ್ಷದ ಅಭ್ಯಾಸದಿಂದ.

ಫೋನು ಇಟ್ಟ ಮೇಲೆ ಅವಳು ಬಕೆಟ್ಟಿನ ಮೇಲೆಯೇ ಕುಳಿತಿದ್ದಳು. ಒಂದು ಪುಟ ಅಷ್ಟು ಚೆನ್ನಾಗಿ ಬರೆದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎರಡು ತಪ್ಪು ಮಾಡಿ, ಒಂದು ಸಲ ಅತ್ತಿದ್ದರೆ ಆ ಚಿಲಕ ಇವತ್ತು ತನ್ನದಾಗಿರುತ್ತಿತ್ತು. ಚೆನ್ನಾಗಿ ಸಹಿಸುವವರಿಗೆ ಸಹಿಸುವ ಕೆಲಸವೇ ಬಡ್ತಿಯಾಗಿ ಸಿಗುತ್ತದೆ ಎಂಬುದು ಯಾವ ಕರಡಿನಲ್ಲೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು.

"ಒಳಗೆ ಏನು ಮಾಡ್ತಿದ್ಯೇ ಇಷ್ಟೊತ್ತು? ಯಾರದು ಫೋನು?" ಅತ್ತೆ. ಅವರ ಹಿಂದೆ ಸಮವಸ್ತ್ರದಲ್ಲಿ ಗಂಡ. ಟೇಲರ ದಂಪತಿಗಳಿಗೂ ಗೋಡೆಯ ಮೂಲಕ ಕೇಳಿಸಿತೋ ಏನೋ, ಹೊಸ್ತಿಲಲ್ಲಿದ್ದರು.

ಅವಳು ಹೊರಗೆ ಬಂದಳು. "ಕೆಲಸ ಸಿಕ್ತು."

"ನಂಗೊತ್ತಿತ್ತು," ಎಂದ ಗಂಡ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದರ ಹಿಂದೆಯೇ ಒಂದು ಸಣ್ಣ ಚಿಂತೆಯೂ ಇಣುಕಿತು. "ಹಾಗಾದ್ರೆ ಇನ್ಮೇಲೆ ನೀನು ದಿನಾ ಹೋಗ್ಬೇಕಾಗತ್ತಲ್ಲ?"

"ಮಧ್ಯಾಹ್ನ ನನ್ನ ಮಾತ್ರೆ ಕೊಡೋರು ಯಾರು?" ಎಂದರು ಅತ್ತೆ.

"ನಮಗೆ ಬೇಜಾರಾದ್ರೆ ಎಲ್ಲಿ ಬಂದು ಕೂತ್ಕೊಳ್ಳೋದು ಅಕ್ಕ?" ಎಂದಳು ಟೇಲರಮ್ಮ.

ಅವಳು ಬಾಯಿ ತೆರೆದಳು. ಇಲ್ಲ, ಇಲ್ಲೇ ಇರ್ತೀನಿ, ಮನೇಲೇ ಕೆಲಸವಂತೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಸಾಲುಗಟ್ಟಿ ನಿಂತಿತು. ಅವಳು ಅದನ್ನು ಒಮ್ಮೆ ಓದಿಕೊಂಡಳು. ಹೊಡೆದುಹಾಕಿದಳು.

"ಹೂಂ. ನಾಳೆಯಿಂದ," ಎಂದಳು. "ಬೆಳಗ್ಗೆ ಒಂಬತ್ತೂವರೆಗೆ ಮನೆ ಬಿಡ್ಬೇಕು. ಬರೋದು ಐದೂವರೆ ಆಗತ್ತೆ."

ಎಲ್ಲರೂ ನಿಟ್ಟುಸಿರಿಟ್ಟು ಒಪ್ಪಿಕೊಂಡರು. ಆಫೀಸು ಅಂದ ಮೇಲೆ ಏನು ಮಾಡಲಾಗುತ್ತದೆ. ಗಂಡ ಪಾಳಿಗೆ ಹೊರಟ. ಅವಳು ಅಟ್ಟದ ಮೇಲಿನಿಂದ ಹಳೆಯ ಕೈಚೀಲವೊಂದನ್ನು ಇಳಿಸಿ, ಧೂಳು ಕೊಡವಿ, ಎರಡು ಕೆಂಪು ಪೆನ್ನು, ಒಂದು ನೀರಿನ ಬಾಟಲಿ, ಒಂದು ಕೊಡೆ ಇಟ್ಟುಕೊಂಡಳು. ಹಾಳೆಗಳನ್ನು ತೆಗೆದುಕೊಂಡ ಮೇಲೆ ದಿನವೆಲ್ಲ ಎಲ್ಲಿಗೆ ಹೋಗಿ ಕುಳಿತುಕೊಳ್ಳುವುದು ಎಂಬುದನ್ನು ಇನ್ನೂ ಯೋಚಿಸಬೇಕಾಗಿತ್ತು. ಯೋಚಿಸಲು ಬೆಳಗಿನ ಒಂಬತ್ತೂವರೆಯವರೆಗೆ ಹೊತ್ತಿತ್ತು.